ನೀರೂ ಬಿಟ್ಟ ಸೋಮವಾರ

ನಮ್ಮ ಅಕ್ಕೋರ ಕೈಬಳೆಗಳು ಎಂದೂ ಸದ್ದು ಮಾಡುತ್ತಿರಲಿಲ್ಲ. ದುಂಡನೆಯ ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು ಒತ್ತಿಕೊಂಡು ಕೂತಿರುತ್ತಿದ್ದವು. ಸಾಬೂನು ಹಚ್ಚಿ ತೊಡಿಸುವಷ್ಟರಲ್ಲಿ ಬಳೆಗಾರನೇ ಬೆವರಿಬಿಡುತ್ತಿದ್ದ. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನನಗೆ ಮಾತ್ರ ಅಕ್ಕೋರು ಎಂದರೆ ಇವರೊಬ್ಬರೇ. ಬೈಲಹೊಂಗಲದಲ್ಲಿ ನನಗೆ ಅಕ್ಷರ ತಿದ್ದಿಸಿದವರು ಮುಂದೆ ನನ್ನ ಪುಣ್ಯಕ್ಕೆ ಪಕ್ಕದ ಮನೆಯವರೂ ಆದರು.

ನಾನು ಹುಟ್ಟಾ ಅಂಜುಬುರುಕಿ. ನಾಯಿ, ಗುಡುಗು, ಗಣಿತ, ಎಲ್ಲಕ್ಕೂ ಅಂಜುತ್ತಿದ್ದೆ. ಶಾಲೆಗೆ ಲಸಿಕೆ ಹಾಕಲು ನರ್ಸ್ ಬಂದ ದಿನ ಬಾಗಿಲ ಹಿಂದೆ ಅಡಗಿ ಕೂತಿದ್ದೆ. ಅಕ್ಕೋರು ಬೈಯಲಿಲ್ಲ. ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ನನ್ನ ಕಣ್ಣು ಮುಚ್ಚಿ, "ಅಂಜೂದು ನಾಳಿ ಅಂಜುವಿಯಂತ, ಇವತ್ತ ಕೈ ಚಾಚು," ಎಂದರು. ಆ ಮೆತ್ತನೆಯ ತೊಡೆಯ ಮೇಲೆ ಕೂತಾಗ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ.

ನಿವೃತ್ತರಾದ ಮೇಲೆ ಆ ಮೈಯೇ ಅವರಿಗೆ ಭಾರವಾಯಿತು. ಸಕ್ಕರೆ ಕಾಯಿಲೆ, ಜೊತೆಗೆ ಮೊಣಕಾಲು ನೋವು. ಶ್ರಾವಣ ಸೋಮವಾರ ಸೊಗಲದ ಸೋಮೇಶ್ವರನ ದರ್ಶನ ತಪ್ಪಿಸದವರು, ಕಣಿವೆಯ ಗುಡಿಗೆ ಮೆಟ್ಟಿಲು ಇಳಿಯಲಾಗದೆ ಮೇಲೆಯೇ ನಿಂತು ಕೈಮುಗಿದು ಬರುವಂತಾಯಿತು. ತೂಕ ಇಳಿಯದೆ ಮೊಣಕಾಲಿನ ಆಪರೇಶನ್ ಮಾಡಲಾಗದು ಎಂದ ಬೆಳಗಾವಿಯ ಡಾಕ್ಟರು ಸಕ್ಕರೆಯನ್ನೂ ಹಸಿವನ್ನೂ ತಗ್ಗಿಸುವ, ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟರು. ಪೆನ್ನಿನಂಥದ್ದು; ತುದಿ ತಿರುವಿ ಡೋಸು ಇಟ್ಟು ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಅಕ್ಕೋರಿಗೆ ಅದರ ಸಣ್ಣ ಅಂಕಿ ಕಾಣಿಸದು, ಅವರ ಯಜಮಾನರಿಗೆ ಸೂಜಿ ಕಂಡರೆ ತಲೆ ಸುತ್ತು. ಊರೆಲ್ಲ ಬಿಟ್ಟು ಆ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ರವಿವಾರ ಪೆನ್ನು ಹಿಡಿದು ನಾನು ಹಿಂದೆಮುಂದೆ ನೋಡುವುದನ್ನು ಕಂಡು ಅವರಿಗೆ ನಗು. "ಚುಚ್ಚು, ನಾ ಏನ್ ಬಾಗಲ ಹಿಂದ ಓಡಿ ಹೋಗೂದಿಲ್ಲ," ಎನ್ನುತ್ತಿದ್ದರು.

ಕೆಲವು ತಿಂಗಳಲ್ಲಿ ಮೈ ಇಳಿಯಿತು. ಬಳೆಗಳು ಗೋಡೆಯಾಚೆಗೂ ಕೇಳುವಂತೆ ಗಲಗಲ ಎನ್ನತೊಡಗಿದವು. ಅವರಿಗೆ ಸಂತೋಷ, ನನಗೆ ಒಳಗೊಳಗೇ ಭಯ. ರೊಟ್ಟಿ ಮುರಿದು ಎರಡು ತುತ್ತಿಗೇ ಸಾಕೆನ್ನುತ್ತಿದ್ದರು. ಓಣಿಯವರು ನನ್ನನ್ನು ಬದಿಗೆ ಕರೆದು, ದೊಡ್ಡ ಬೇನೆ ಏನಾದರೂ ಇದೆಯೇನು ಎಂದು ಕೇಳುತ್ತಿದ್ದರು. ಡಾಕ್ಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದ್ದರು. ಹಸಿವಿಲ್ಲದಿದ್ದರೂ ಸ್ವಲ್ಪ ಸ್ವಲ್ಪ ಉಣ್ಣಬೇಕು, ನೀರು ಚೆನ್ನಾಗಿ ಕುಡಿಯಬೇಕು, ವಾಂತಿಯಾದರೆ ತಕ್ಷಣ ತಿಳಿಸಬೇಕು ಎಂದು ಪ್ರತಿ ಸಲ ಹೇಳಿ ಕಳಿಸುತ್ತಿದ್ದರು. ಅಕ್ಕೋರೂ ಚಾಚೂ ತಪ್ಪದೆ ನಡೆದುಕೊಂಡರು, ಶ್ರಾವಣದವರೆಗೆ.

ಶ್ರಾವಣದ ಮೊದಲ ರವಿವಾರ ಡಾಕ್ಟರು ಹೇಳಿದಂತೆ ಡೋಸು ಏರಿಸಿ ಚುಚ್ಚಿದೆ. ರಾತ್ರಿ ಮತ್ತೆ ಮತ್ತೆ ವಾಂತಿಯಾದದ್ದನ್ನು ಅಕ್ಕೋರು ಯಾರಿಗೂ ಹೇಳಲಿಲ್ಲ. ಮರುದಿನ ಉಪವಾಸದ ಸೋಮವಾರ. ಬೆಳಗ್ಗೆ ಯಜಮಾನರು ಎಂದಿನಂತೆ ತಮ್ಮ ಬಟ್ಟೆ ಅಂಗಡಿಗೆ ಹೋದರು. ಸಂಜೆ ಪೂಜೆಗೆ ಬಿಲ್ವಪತ್ರೆ ಕೊಡಲು ಹೋದರೆ ಅಕ್ಕೋರು ದೇವರಮನೆಯ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಒಳಗೆ ಸೇರಿದ್ದವು, ತುಟಿ ಒಡೆದಿದ್ದವು. ಏಳಲು ನೋಡಿದರು, ಆಗಲಿಲ್ಲ. ನೀರಾದರೂ ಕುಡಿದಿರಾ ಎಂದು ಕೇಳಿದೆ.

"ಹಸಿವ ಆಗೂದ ಇಲ್ಲ ನನಗ. ಹಸಿವಿಲ್ಲದಾಕಿ ಉಪವಾಸ ಮಾಡಿದ್ರ ಅದೇನ್ ಉಪವಾಸ? ಶಿವನ ಮುಂದ ಕಳ್ಳಾಟ ಆಗತೈತಿ. ಅದಕ್ಕ ಇವತ್ತ ನೀರೂ ಬಿಟ್ಟೇನಿ."

ಬಾಯಿಗೆ ನೀರು ಹಿಡಿದೆ. ಗುಟುಕು ಇಳಿಯುವ ಮೊದಲೇ ಹೊರಗೆ ಬಂತು. ಯಜಮಾನರಿಗೆ ಫೋನ್ ಮಾಡಿ ಗಾಡಿ ತರಿಸಿದೆ. ಊರಿನ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ಕಿಡ್ನಿ ಕೈಕೊಟ್ಟಂತಿದೆ, ಬೆಳಗಾವಿಗೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಅಕ್ಕೋರು ನನ್ನ ಕೈ ಹಿಡಿದಿದ್ದರು. "ಅಂಜಿಕಿ ಬರಾಕ ಹತ್ತೇತಿ, ಕೈ ಬಿಡಬ್ಯಾಡ," ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಎರಡೂ ಕೈಯಿಂದ ಆ ಕೈ ಒತ್ತಿ ಹಿಡಿದೆ.

ವಾಂತಿಯ ಮೇಲೆ ನೀರನ್ನೂ ಬಿಟ್ಟದ್ದು ಮುಳುವಾಯಿತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಡಯಾಲಿಸಿಸ್ ಆಯಿತು. ಒಂದು ಮುಂಜಾನೆ ಅಕ್ಕೋರು ತಿಳಿಯಾಗಿ ಮಾತಾಡಿದರು. ನನಗೂ ಸಕ್ಕರೆ ಬಂದಿದೆ, ಡಾಕ್ಟರು ನನಗೂ ಅದೇ ಸೂಜಿ ಎನ್ನುತ್ತಿದ್ದಾರೆ, ಸತ್ತರೂ ಅದನ್ನು ಮುಟ್ಟುವುದಿಲ್ಲ ಎಂದು ನಾನು ಅವರ ಮುಂದೆ ಅತ್ತೆ. ಅಕ್ಕೋರು ನನ್ನ ತಲೆ ಸವರಿದರು.

"ಡಾಕ್ಟರು ಬರದು ಕೊಟ್ರ ಮಾಡಿಸ್ಕೋ, ಒಲ್ಲೆ ಅನಬ್ಯಾಡ. ಆದ್ರ ಸೋಮವಾರ ನೀರ ಬಿಡಬ್ಯಾಡ. ಶಿವ ಕೇಳಿದ್ರ ನನ್ನ ಹೆಸರ ಹೇಳು."

ಮರುದಿನ ತೀರಿಕೊಂಡರು.

ಈಗ ನನ್ನ ಫ್ರಿಜ್ಜಿನಲ್ಲೂ ಆ ಪೆನ್ನು ಇದೆ. ನನಗೆ ಒಗ್ಗಿದೆ, ಸಕ್ಕರೆಯೂ ಹತೋಟಿಯಲ್ಲಿದೆ. ಆದರೂ ರವಿವಾರ ಬಂದರೆ ಅಂಜಿಕೆ ತಪ್ಪಿಲ್ಲ. ಹೊಟ್ಟೆ ಕೊಂಚ ತೊಳೆಸಿದರೂ ಆ ಒಡೆದ ತುಟಿಗಳು ಕಣ್ಣ ಮುಂದೆ ಬರುತ್ತವೆ. ಶ್ರಾವಣ ಸೋಮವಾರ ಪೂಜೆಗೆ ಕೂರುವ ಮೊದಲು ತಂಬಿಗೆ ತುಂಬಿಸಿಕೊಂಡು ದೇವರೆದುರೇ ನೀರು ಕುಡಿಯುತ್ತೇನೆ. ಕುಡಿದು, ಅವರು ಬದುಕಿದ್ದಾಗ ಒಮ್ಮೆಯೂ ನನ್ನ ಬಾಯಿಂದ ಬರದ ಅವರ ಹೆಸರನ್ನು ಹೇಳುತ್ತೇನೆ.