ಕಾರ್ಬನ್ನಿನದಲ್ಲದ ಉಬ್ಬು

ಗದ್ದಲ ಇರುವುದಿಲ್ಲ ಎಂದು ತಂಗಿಯ ಮೊಮ್ಮಗಳು ಥೀಸಿಸ್ ಬರೆಯಲು ರಾಯದುರ್ಗದ ನಮ್ಮ ಮನೆಗೆ ಬಂದಿದ್ದಳು. ಹಾಗೆಂದು ಅವಳಿಗೆ ಹೇಳಿದವರು ಯಾರೋ! ಕೆಳಗಿನ ಅಂತಸ್ತಿನಲ್ಲೇ ಜೀನ್ಸ್ ಹೊಲಿಯುವ ಯೂನಿಟ್. ಮಿಷಿನ್‌ಗಳು ಶುರುವಾದರೆ ಮೇಲೆ ನಮ್ಮ ಕಾಫಿ ಲೋಟವೂ ಸಣ್ಣಗೆ ನಡುಗುತ್ತದೆ.

ಅವತ್ತು ಹನ್ನೊಂದಕ್ಕೆ ಅವಳ ಆನ್‌ಲೈನ್ ಸೆಮಿನಾರ್. ಕಮಿಟಿ ಒಪ್ಪಿದರೆ ಥೀಸಿಸ್ ಸಲ್ಲಿಸಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ. "ಅಜ್ಜಿ, ನಿಮ್ಮ ಮುಂದ ಒಮ್ಮೆ ಹೇಳ್ತೀನಿ, ಕೇಳ್ರಿ" ಎಂದು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಫಿಸಿಕ್ಸ್ ಎಂದರೆ ಪ್ರಾಣ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆಯಾಯಿತು, ಎನಿವೇ. ಅವಳು ಹೇಳಿದ್ದು ತಕ್ಕಮಟ್ಟಿಗೆ ತಿಳಿಯಿತು. ಡ್ಯೂಟರಾನ್ ಎಂದರೆ ಪ್ರೋಟಾನ್, ನ್ಯೂಟ್ರಾನ್ ಅಂಟಿಕೊಂಡ ಜೋಡಿ. ಅವುಗಳ ಬೀಮನ್ನು, ಅಂದರೆ ಧಾರೆಯನ್ನು, ಟಾರ್ಗೆಟ್ ಎನ್ನುವ ಕಾರ್ಬನ್ ತುಂಡಿನ ಮೇಲೆ ಹಾಯಿಸಿದರೆ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಎಷ್ಟು ಚಿಮ್ಮಿದವು, ಯಾವ ವೇಗದಲ್ಲಿ, ಇದನ್ನೇ ಅವಳು ಅಳೆದಿದ್ದಳು. ಗ್ರಾಫಿನಲ್ಲಿ ಒಂದು ಕಡೆ ಸಣ್ಣ ಉಬ್ಬು. ಕಾರ್ಬನ್‌ನ ಲೆಕ್ಕಕ್ಕೆ ಅದು ಕೂಡುತ್ತಿರಲಿಲ್ಲ.

"ಇದೇ ಹೊಸದು ಅಜ್ಜಿ. ನಮ್ಮ ಗೈಡ್ ಭಾಳ ಖುಷಿ ಆಗ್ಯಾರ."

"ಎಷ್ಟು ತುಂಡು ಹಾಳು ಮಾಡಿದ್ಯೇ?"

"ಒಂದೇ! ಮೊದಲಿಂದ ಅದೇ. ಬಂಗಾರದಂಥ ಟಾರ್ಗೆಟ್."

"ಒಳಗೆ ಹೊಕ್ಕ ಡ್ಯೂಟರಾನೆಲ್ಲ ಎಲ್ಲಿಗೆ ಹೋಗ್ತಾವ?" ಸುಮ್ಮನೆ ಕುತೂಹಲಕ್ಕೆ ಕೇಳಿದೆ.

"ಅಲ್ಲೇ ಉಳೀತಾವ..." ಎಂದವಳು ಥಟ್ಟನೆ ಗ್ರಾಫಿನ ಉಬ್ಬಿನತ್ತ ತಿರುಗಿದಳು.

ಉಳಿದುಕೊಂಡ ಡ್ಯೂಟರಾನಿಗೆ ಹೊಸ ಡ್ಯೂಟರಾನ್ ಡಿಕ್ಕಿ ಹೊಡೆದರೂ ನ್ಯೂಟ್ರಾನ್ ಬರುತ್ತದಂತೆ. ಉಬ್ಬು ಅದರದ್ದೇ ಆಗಿದ್ದರೆ, ತುಂಡು ಹೊಸದಿದ್ದ ಮೊದಲ ದಿನ ಅದು ಕಾಣಬಾರದು. ಆ ದಿನದ ಡೇಟಾ ಲ್ಯಾಬಿನಿಂದ ಇಳಿಸಬೇಕು. ಇಳಿಯುತ್ತಿರುವಾಗಲೇ ಕರೆಂಟು ಹೋಯಿತು, ಜೊತೆಗೆ ವೈಫೈ.

ಯೂನಿಟ್ಟಿನ ಯಜಮಾನಿ ಕೆಳಗಿನಿಂದ ಕೂಗಿದಳು: "ಅಮ್ಮಾರೆ, ಪರೀಕ್ಷೆ ಐತಿ ಮಿಷಿನ್ ಬಂದ್ ಮಾಡು ಅಂದಿದ್ರಲ್ಲ, ಕರೆಂಟಿನವ್ರು ನಿಮ್ಮ ಮಾತು ಕೇಳ್ಯಾರ ನೋಡ್ರಿ!"

"ಸಾಕು ಬಾರವ್ವ, ನಿನ್ನ ಫೋನಿನ ನೆಟ್ ಬೇಕಾಗೇತಿ!"

ಅವಳು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಹಾಟ್‌ಸ್ಪಾಟ್ ಹಾಕಿಕೊಟ್ಟಳು. ಹುಡುಗಿಯ ಮುಖ ನೋಡಿ ಮತ್ತೆ ತಮಾಷೆ ಮಾಡಲಿಲ್ಲ. ಫೈಲು ತೆರೆಯಿತು. ಮೊದಲ ದಿನ ಆ ಜಾಗ ಬೋಳು. ಆಮೇಲೆ ದಿನದಿಂದ ದಿನಕ್ಕೆ ಉಬ್ಬು ಬೆಳೆಯುತ್ತಾ ಬಂದಿತ್ತು.

"ಸುಮ್ಮನಿದ್ರ ಯಾರಿಗೂ ಗೊತ್ತಾಗಲ್ಲ, ಅಲ್ಲೇನಜ್ಜಿ?"

ನಾನು ಗಡಿಯಾರ ನೋಡಿದೆ. ಹನ್ನೊಂದಾಗಲು ಇನ್ನೊಂದೇ ಗಳಿಗೆ.

ಕಮಿಟಿಯವರ ಮುಖಗಳು ಪರದೆಯ ಮೇಲೆ ಮೂಡಿದವು. ಅವಳು ಮೊದಲು ಆ ಉಬ್ಬಿನ ಗ್ರಾಫನ್ನೇ ಹಾಕಿದಳು. "ದಿಸ್ ಪೀಕ್ ಈಸ್ ನಾಟ್ ಫ್ರಮ್ ಕಾರ್ಬನ್," ಎಂದಳು. ಗೈಡ್ ಕನ್ನಡಕ ತೆಗೆದರು. ಕೊನೆಗೊಬ್ಬರು, ಹೊಸ ಟಾರ್ಗೆಟ್ಟಿನಲ್ಲಿ ಮತ್ತೆ ಅಳೆದು ತನ್ನಿ, ಸಲ್ಲಿಕೆ ಆಮೇಲೆ ಎಂದರು.

ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೇ ನಿಂತಿದ್ದೆ. ಆ ಪ್ರಶ್ನೆ ನನ್ನ ಬಾಯಿಂದ ಬಾರದಿದ್ದರೆ ಎಂದು ಅನಿಸಿದ್ದು ನಿಜ. ಬಹಳ ಹೊತ್ತಿನ ಮೇಲೆ ಒಳಗಿಂದ ಅವಳು ಲ್ಯಾಬಿಗೆ ಫೋನ್ ಮಾಡುವುದು ಕೇಳಿಸಿತು.

"ಈ ಸಲ ದಿನಾ ತುಂಡು ಬದಲಿಸೋಣ್ರಿ. ಬೀಮ್ ಹಾಯಿಸಾಕ ಮತ್ತೆ ಯಾವಾಗ ಟೈಮ್ ಸಿಗ್ತದ?"