ಕತ್ತಲಕೋಣೆಯ ಜೋಳ

ಮ್ಯಾಡಮ್ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರು. ಸಾಂಗ್ಲಿಯ ವಿಶ್ರಾಮಬಾಗದ ರಸ್ತೆಯಲ್ಲಿ ನಡೆಯುವಾಗಲೂ ಬೇಲಿಯ ಎಲೆ ಚಿವುಟಿ, ಹೊಸಕಿ, ಮೂಸುವ ಚಟ. ಅದೇ ಊರಿನ ಅರಿಸಿನ ವ್ಯಾಪಾರಿಗಳ ಮನೆಯ ಮಗಳು. ಪಾಠ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಸಸ್ಯಶಾಸ್ತ್ರದ ಪಿಎಚ್‌ಡಿಗೆಂದು ಅವರ ಕೈಕೆಳಗೆ ಸೇರಿದ ನನಗೆ ಕನ್ನಡ ಧಾರಾಳವಾಗಿಯೇ ಸಿಕ್ಕಿತು.

ಎಲೆಯೊಳಗಿನ ಹಸಿರು ಕಣ, ಕ್ಲೋರೋಪ್ಲಾಸ್ಟಿಗೆ ತನ್ನದೇ ವಂಶವಾಹಿಗಳಿವೆ. ಅವುಗಳ ನಕಲು ಯಾವಾಗ ತೆಗೆಯಬೇಕೆಂಬ ಅಪ್ಪಣೆ ಮಾತ್ರ ಬಹುಪಾಲು ಜೀವಕೋಶದ ಕೇಂದ್ರದಿಂದ ಬರುತ್ತದೆ. "ಸಂಸಾರ ಸೊಸೀದು, ಕೀಲಿಕೈ ಅತ್ತಿ ಕೈಯಾಗ," ಎನ್ನುತ್ತಿದ್ದರು ಮ್ಯಾಡಮ್. ಬೆಳಕು ಬಿದ್ದರೆ ಕೆಲವು ವಂಶವಾಹಿಗಳ ನಕಲು ಏರುತ್ತದೆ. ಗೋಧಿ, ಗೋವಿನಜೋಳ ಎರಡರಲ್ಲೂ ಹಾಗೇ ಕಂಡಿತ್ತು. ಪ್ರಯೋಗಾಲಯದ ಕತ್ತಲಕೋಣೆಯಲ್ಲಿ ಬೆಳೆಸಿದ ನಮ್ಮ ಜೋಳದ ಮೊಳಕೆಯಲ್ಲಿ ಮಾತ್ರ ಬೆಳಕಿಲ್ಲದೆಯೇ ಏರಿತ್ತು. ಯಾರೂ ಹೇಳದ ಸಂಗತಿ. ನನ್ನ ಪದವಿ ಅದರ ಮೇಲೇ ನಿಂತಿತ್ತು. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರ ಕೊನೆಯ ಪ್ರಬಂಧವೂ ಅದೇ. ಶಿಷ್ಯವೇತನ ಮುಗಿಯುತ್ತ ಬಂದು, ಮತ್ತೊಮ್ಮೆ ಬೆಳೆಸಿ ನೋಡುವ ವ್ಯವಧಾನ ನನಗಿರಲಿಲ್ಲ.

ಪಿಎಚ್‌ಡಿ ಸಮಿತಿಯ ಮುಂದೆ ಮಂಡಿಸುವ ಹಿಂದಿನ ಸಂಜೆ ನನ್ನ ಸ್ಲೈಡು ನೋಡುತ್ತಿದ್ದ ಮ್ಯಾಡಮ್ ತಟ್ಟನೆ ಕೇಳಿದರು: "ಈ ಮೊಳಕಿ ಯಾವಾಗ ಕಿತ್ತಿ?"

"ದಸರಾ ಮರುದಿನರಿ."

ಅವರ ಮುಖ ಬಿಳಿಚಿಕೊಂಡಿತು. "ಖಂಡೇನವಮಿಗೆ ನೀ ಊರಿಗೆ ಹೋಗಿದ್ದಿ. ಎಲ್ಲಾ ಮಷೀನಿಗೂ ನಾನ ಪೂಜಿ ಮಾಡಿದ್ನಿ. ಕತ್ತಲಕೋಣಿ ಒಂದ ಯಾಕ ಬಿಡೂದಂತ, ಬಾಗಿಲಾ ತಗದು ಅಲ್ಲೂ ಆರತಿ ಬೆಳಗಿದ್ನಿ. ಟ್ರೇ ಖಾಲಿ ಅದಾವ ಅಂತ ತಿಳಿದಿದ್ನಿ."

ಅಂದರೆ ಜೋಳಕ್ಕೆ ಬೆಳಕು ತಾಗಿತ್ತು; ಅದು ಪೂರ್ತಿ ಕತ್ತಲಲ್ಲಿ ಬೆಳೆದೇ ಇರಲಿಲ್ಲ.

"ಸಣ್ಣ ದೀಪರಿ, ಮ್ಯಾಡಮ್. ಯಾರಿಗೂ ಗೊತ್ತಿಲ್ಲರಿ."

"ಜೋಳಕ್ಕ ಗೊತ್ತೈತಿ," ಎಂದರು.

ಮರುದಿನ ನಾನು ಬಾಯಿ ತೆರೆಯುವ ಮೊದಲೇ ಮ್ಯಾಡಮ್ ಎದ್ದುನಿಂತು ಸಮಿತಿಗೆ ಎಲ್ಲ ಹೇಳಿದರು, ತಪ್ಪು ತಮ್ಮದೆಂದರು. ವಿಜ್ಞಾನದ ಪ್ರಾಧ್ಯಾಪಕಿ ಯಂತ್ರಗಳಿಗೆ ಆರತಿ ಬೆಳಗಿದ್ದು ಕೇಳಿ ಒಬ್ಬರು ಕಿಸಕ್ಕನೆ ನಕ್ಕರು. ಅವರು ತಲೆ ತಗ್ಗಿಸಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದು ನನಗೇ ಅನಿಸಿತು.

ಅದೇ ಬೀಜವನ್ನು ಮತ್ತೆ ಹಾಕಿದೆವು. ಬಾಗಿಲಿಗೆ ಬೀಗ ಜಡಿದು, ಒಬ್ಬರ ಮುಖ ಒಬ್ಬರು ನೋಡದೆ ಕಾದೆವು. ಈ ಸಲ ಜೋಳವೂ ಕತ್ತಲಲ್ಲಿ ಗೋಧಿ, ಗೋವಿನಜೋಳದ ಹಾಗೆ ಸುಮ್ಮನಿತ್ತು. ಹೊಸ ಸಂಗತಿ ಏನೂ ಇರಲಿಲ್ಲ.

"ಆತು, ಇದನ್ನ ಬರಿ," ಎಂದರು.

ಬರೆದೆ. ಪದವಿ ತಡವಾಗಿ ಬಂತು. ಅಷ್ಟರಲ್ಲಿ ಅವರು ಆ ಪ್ರಬಂಧವಿಲ್ಲದೆಯೇ ನಿವೃತ್ತರಾಗಿದ್ದರು. ಅವರ ಮೇಲಿನ ಸಿಟ್ಟು ಇಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹೋದ ಶ್ರಾವಣದಲ್ಲಿ ಮ್ಯಾಡಮ್ ಲಿಂಗೈಕ್ಯರಾದರು. ಈಗ ನನ್ನ ವಿದ್ಯಾರ್ಥಿಗಳು, ತಾವು ಬಯಸಿದ ಫಲಿತಾಂಶವೇ ಸಿಕ್ಕಿತೆಂದು ಓಡಿ ಬಂದಾಗ, ನನಗೆ ಮೊದಲು ಸಂತೋಷವಾಗುವುದಿಲ್ಲ, ಭಯವಾಗುತ್ತದೆ. ಆ ಭಯ ಅವರು ಕೊಟ್ಟು ಹೋದದ್ದು.