ಕತ್ತೆಗೆ ಒಂದು

ಮತ ಗುಟ್ಟಾಗಿರಬೇಕು ಅಂತ ಕಾನೂನು ಮಾಡಿದ ಪುಣ್ಯಾತ್ಮರು ಟೋರ್ಡಾಲ್‌ನಂಥ ಊರು ಕಂಡಿರಲಿಕ್ಕಿಲ್ಲ. ನಾರ್ತ್ ಡಕೋಟದ ಬಯಲಲ್ಲಿರುವ ಈ ಊರಲ್ಲಿ ಒಬ್ಬರು ಸೀನಿದರೆ ಆಚೆ ಬೀದಿಯವರು ‘ದೇವರು ಕಾಪಾಡಲಿ’ ಅನ್ನುತ್ತಾರೆ. ಮತದಾನ ಮುಗಿದ ಮೇಲೆ ಮತ ಎಣಿಸುವ ಯಂತ್ರ ಉಗುಳುವ ಉದ್ದನೆಯ ಲೆಕ್ಕದ ಚೀಟಿಯನ್ನು ಫೈರ್ ಸ್ಟೇಷನ್ನಿನ ಗಾಜಿನ ಬಾಗಿಲಿಗೆ ಅಂಟಿಸುವುದು ಪದ್ಧತಿ. ಆನೆ ಗುರುತಿನ ಪಕ್ಷಕ್ಕೆ ನೂರರ ಮೇಲೆ ಮತ. ಕತ್ತೆ ಗುರುತಿನ ಪಕ್ಷಕ್ಕೆ ಒಂದು. ಪ್ರತಿ ಸಲವೂ ಒಂದೇ. ಆ ಒಂದು ಲವೋನಳದು ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು. ಇದೆಂಥ ಗುಟ್ಟು ಸ್ವಾಮಿ!

ಲವೋನಳ ಅಪ್ಪನ ಕಾಲದಲ್ಲಿ ಊರಿಗೆ ಊರೇ ಕತ್ತೆಯ ಹಿಂದಿತ್ತು. ಹೊಲದ ಮನೆಗಳಿಗೆ ಕರೆಂಟು ತಂದವರು ಆ ಪಕ್ಷದವರೇ. ಮೊದಲ ಸಲ ದೀಪ ಹತ್ತಿದಾಗ ಅಪ್ಪ ಗಳಗಳ ಅತ್ತಿದ್ದನಂತೆ. ಆಮೇಲೆ ಒಬ್ಬೊಬ್ಬರೇ ಆನೆ ಕಡೆ ವಾಲಿದರು, ಅವಳ ಗಂಡ ಆರ್ಲಿನ್ ಕೂಡ. ಇವಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೊಂಡಿ ಅನ್ನಿ, ಅಪ್ಪನ ಋಣ ಅನ್ನಿ, ನಿಮ್ಮಿಷ್ಟ.

ಮೊದಲೆಲ್ಲ ಅದೊಂದು ತಮಾಷೆ. ಧಾನ್ಯದ ಗೋದಾಮಿನ ಡ್ಯುವೇನ್ ದಾರಿಯಲ್ಲಿ ಸಿಕ್ಕರೆ, "ಏನ್ ಲವೋನಕ್ಕಾ, ಕತ್ತೆಗೆ ಮೇವು ಹಾಕಿ ಬಂದ್ಯಾ?" ಅಂತಿದ್ದ.

"ಹಾಕ್ದೆ ಕಣಪ್ಪಾ. ‘ನನ್ ತಮ್ಮ ಡ್ಯುವೇನ್ ಹೆಂಗಿದಾನೆ?’ ಅಂತ ಕೇಳ್ತು," ಅಂತ ಇವಳು.

ಈಚೆಗೆ ಆ ನಗು ಹುಳಿಯಾಯಿತು. ಚರ್ಚಿನ ಊಟಕ್ಕೆ ಇವಳು ಮಾಡಿಕೊಂಡು ಹೋದ ಸೇಬಿನ ಪೈಯನ್ನು ಯಾರೂ ಮುಟ್ಟಲಿಲ್ಲ. ಹೋದ ಹಾಗೇ ವಾಪಸ್ ಬಂತು. ಅದನ್ನೂ ಸಹಿಸಿದಳು. ಸಹಿಸಲಾಗದ್ದು ಮರ್ಲಿಸ್‌ಳ ಮೌನ. ಶಾಲೆಯ ದಿನಗಳಿಂದ ಗೆಳತಿ, ದಿನಾ ಬೆಳಿಗ್ಗೆ ಕಾಫಿ ಕುದಿಯುವ ಹೊತ್ತಿಗೆ ಫೋನು ಮಾಡಿ, "ಎದ್ಯೇನೇ ಮುದುಕಿ?" ಅನ್ನುತ್ತಿದ್ದವಳು. ಬೇಸಿಗೆಯಲ್ಲಿ ಒಂದು ದಿನ ಮಾತಿಗೆ ಮಾತು ಬೆಳೆದು, "ಊರೆಲ್ಲಾ ಒಂದು ಕಡೆ, ನೀನೊಬ್ಬಳು ಒಂದು ಕಡೆ. ಅದೇನ್ ಸುಖ ಕಾಣ್ತೀಯೇ? ಈ ಸಲಾನೂ ಚೀಟೀಲಿ ಆ ಒಂದು ಕಂಡ್ರೆ ನಾನು ನಿನ್ ಪಾಲಿಗೆ ಸತ್ತೆ ಅಂದ್ಕೋ," ಅಂದುಬಿಟ್ಟಳು. ಅವತ್ತಿಗೆ ಫೋನು ನಿಂತಿತು.

ಲವೋನ್ ಬೆಳಗ್ಗೆಬೆಳಗ್ಗೆ ಅಡುಗೆಮನೆಯಲ್ಲಿ ಆ ಫೋನನ್ನೇ ನೋಡುತ್ತಾ ಕಣ್ಣೊರೆಸಿಕೊಳ್ಳುವುದನ್ನು ಆರ್ಲಿನ್ ಕಂಡಿದ್ದ. ಮಾತು ಕಮ್ಮಿಯ ಮನುಷ್ಯ. "ಅಳ್ಬೇಡ್ವೇ," ಅಂದ, ಅಷ್ಟೇ.

ಮತದಾನದ ದಿನ ಲವೋನ್ ಮರೆಯಲ್ಲಿ ನಿಂತು ಪೆನ್ನು ಹಿಡಿದಳು. "ಅಪ್ಪಾ, ತಪ್ಪಾಯ್ತು," ಅಂದುಕೊಂಡು ಆನೆಯ ಎದುರಿನ ಖಾಲಿ ವೃತ್ತಕ್ಕೆ ಮಸಿ ತುಂಬಿದಳು. ಅಪ್ಪ ಹೇಗೂ ಹೋಗಿಯಾಗಿದೆ; ಮರ್ಲಿಸ್ ಇದ್ದಾಳಲ್ಲ. ನಾಳೆ ಚೀಟಿಯಲ್ಲಿ ಕತ್ತೆಗೆ ಸೊನ್ನೆ ಬರುತ್ತದೆ, ನಾಡಿದ್ದು ಫೋನು ಬರುತ್ತದೆ.

ಮರುದಿನ ಬೆಳಿಗ್ಗೆ ಫೈರ್ ಸ್ಟೇಷನ್ನಿನ ಬಾಗಿಲ ಮುಂದೆ ಊರೇ ನೆರೆದಿತ್ತು. ಡ್ಯುವೇನ್ ಗಟ್ಟಿಯಾಗಿ ಓದಿದ: "ಕತ್ತೆಗೆ... ಒಂದು!"

ಮರ್ಲಿಸ್ ಲವೋನಳ ಮುಖವನ್ನೇ ನೋಡಿದಳು.

"ನನಗೋಸ್ಕರ ಒಂದು ಸಲ ಆಗ್ಲಿಲ್ಲ ಅಲ್ವೇನೇ ನಿಂಗೆ?" ಅಂದು ತಿರುಗಿ ನಡೆದಳು.

ಲವೋನ್ ಮುಂದೆ ಹೋಗಿ ಚೀಟಿಯನ್ನು ತಾನೇ ನೋಡಿದಳು. ನಂದಲ್ಲ ಅಂದರೆ ನಂಬುವವರಾದರೂ ಯಾರು? ಆರ್ಲಿನ್ ಕನ್ನಡಕ ಏರಿಸಿ ಚೀಟಿಯನ್ನು ಮತ್ತೆ ಮತ್ತೆ ಓದಿದ. ಅವನ ಮುಖ ಕೆಂಪಾಗಿತ್ತು. ಹೆಂಡತಿಯ ತೋಳು ಹಿಡಿದು ಗಾಡಿ ಹತ್ತಿಸಿದ.

"ಯಂತ್ರ ಕೆಟ್ಟಿದೆ ಕಣೇ," ಅಂದ.

"ಯಾಕೆ?"

"ಎರಡಿರ್ಬೇಕಿತ್ತು. ನೀನೊಬ್ಳೇ ಕೂತು ಅಳ್ತಿದ್ದೆ, ನಂಗೆ ನೋಡಕ್ಕಾಗ್ಲಿಲ್ಲ. ಈ ಸಲ ನಿನ್ ಜೊತೆಗೆ ಇನ್ನೊಂದಿರ್ಲಿ ಅಂತ ನಾನೂ ಕತ್ತೆಗೇ ಹಾಕ್ದೆ. ಎರಡು ಅಂತ ಕಂಡಾಗ ನಿನ್ ಮುಖ ನೋಡ್ಬೇಕೂಂತ ಆಸೆಯಿತ್ತು. ಹಾಳಾದೋರು, ನಿನ್ ಮತಾನೇ ನುಂಗ್‌ಬಿಟ್ಟಿದಾರೆ! ಸುಮ್ನೆ ಬಿಡ್ತೀನಾ?"

ಜನ್ಮದಲ್ಲಿ ಯಾರಿಗೂ ಎದುರಾಡದ ಆರ್ಲಿನ್ ಗಾಡಿಯನ್ನು ಚುನಾವಣಾ ಕಚೇರಿಯ ರಸ್ತೆಗೆ ತಿರುಗಿಸಿದ.

"ಬೇಡ ಆರ್ಲಿನ್."

"ಯಾಕ್ ಬೇಡ? ಎಣಿಸಿ ತೋರ್ಸಿ ಅಂತೀನಿ. ಎಲ್ಲಾ ಮತಪತ್ರ ತೆಗೆದು ಒಂದೊಂದಾಗಿ ಎಣಿಸ್ಲಿ."

"ಬೇಡ ಅಂದ್ನಲ್ಲ!" ಲವೋನ್ ಕಿರುಚಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಆರ್ಲಿನ್ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿದ.

"ಹಂಗಾದ್ರೆ ಆ ಒಂದು ನಂದಾ?" ಅಂದ.